ಉಳಿದ ಮಾತಿನ ಖಾನೆ

ಮನೆಯ ಅಂಗಳಕ್ಕೆ ಹಾಸುಗಲ್ಲು ನೋಡಲೆಂದು ಕಳೆದ ತಿಂಗಳು ತಾಂಡೂರಿಗೆ ಹೋಗಿದ್ದೆ. ರಸ್ತೆ ಬದಿಯ ಕಾರ್ಖಾನೆಯಲ್ಲಿ ಕಲ್ಲು ಕೊಯ್ಯುವ ಯಂತ್ರ ತಿರುಗುತ್ತಿತ್ತು. ಅದರ ಅಲಗಿನ ಮೇಲೆ ಸಣ್ಣಗೆ ನೀರು ಬೀಳುತ್ತಿತ್ತು. ಕೊಯ್ದ ಕಲ್ಲಿನ ಹಸಿ ಹುಡಿಗೆ ತನ್ನದೇ ಒಂದು ವಾಸನೆಯಿದೆ, ಸುಣ್ಣ ಬಳಿದ ಗೋಡೆಗೆ ಮಳೆ ಹೊಡೆದಂಥದು. ಅದು ಮೂಗಿಗೆ ತಾಗಿದ್ದೇ ತಡ, ಕಲ್ಲಿನ ಬಣ್ಣ, ದಪ್ಪ ಎಲ್ಲ ಮರೆತುಹೋಯಿತು. ಡಾಕ್ಟರ್ ನಸೀಮ್ ಅವರ ದವಾಖಾನೆ ನೆನಪಾಯಿತು. ಆ ದವಾಖಾನೆಯ ಹಿಂದಿನ ಗೋಡೆಗೆ ಇಂಥದೇ ಕಾರ್ಖಾನೆಯೊಂದು ಅಂಟಿಕೊಂಡಿತ್ತು. ಆರು ವರ್ಷದ ಹಿಂದೆ ಒಂದು ಮಳೆಗಾಲವಿಡೀ ವಾರಕ್ಕೊಮ್ಮೆ ಅಲ್ಲಿನ ಬೆಂಚಿನ ಮೇಲೆ ಈ ವಾಸನೆ ಕುಡಿಯುತ್ತ ಕೂತವಳು ನಾನು.

ಆಗ ನನಗೆ ಇಪ್ಪತ್ತಾರು. ಊರು ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಖೇಡ. ಅಪ್ಪ ಕರೆಂಟ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಮಾತಾಡುತ್ತ ಬೆಳೆದು, ಕಂಪ್ಯೂಟರ್ ಓದಿ, ಜಹೀರಾಬಾದಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ್ದೆ. ತೂಕ ಕಡಿಮೆ ಇರುವ ಎಳೆಗೂಸುಗಳನ್ನು ನೋಡಿಕೊಳ್ಳುವುದು ಸಂಸ್ಥೆಯ ಕೆಲಸ. ಹಳ್ಳಿಗಳಲ್ಲಿ ನಮ್ಮ ಕಾರ್ಯಕರ್ತೆಯರು ಹನ್ನೊಂದು ಜನ. ಎರಡು ದಿನಕ್ಕೊಮ್ಮೆ ಕೂಸನ್ನು ಜೋಳಿಗೆ ತಕ್ಕಡಿಯಲ್ಲಿ ತೂಗಿ, ಮೈಯ ಬಿಸಿ ನೋಡಿ, ಹಾಲು ಕುಡಿಯುತ್ತದೆಯೇ ಎಂದು ಕೇಳಿ ಹಾಳೆಯ ಮೇಲೆ ಬರೆಯುತ್ತಿದ್ದರು. ಹಾಳೆಗಳು ಬಸ್ಸು ಹತ್ತಿ ನನ್ನ ಮೇಜಿಗೆ ಬರುತ್ತಿದ್ದವು. ನಾನು ಅವನ್ನು ಒಂದುಗೂಡಿಸಿ ತಾಂಡೂರಿನ ಡಾಕ್ಟರ್ ನಸೀಮ್ ಅವರಿಗೆ ತೋರಿಸುತ್ತಿದ್ದೆ. ಅವರು ಮಕ್ಕಳ ಡಾಕ್ಟರು. ಯಾವ ಕೂಸನ್ನು ಕೂಡಲೇ ಕರೆತರಬೇಕು, ಯಾವುದಕ್ಕೆ ಏನು ಮಾಡಬೇಕು ಎಂದು ಹೇಳುತ್ತಿದ್ದವರು ಅವರೇ.

ಆ ವರ್ಷ ಮಳೆ ಬೇಗ ಬಂತು. ಬಶೀರಾಬಾದ್ ಕಡೆಯ ಹಳ್ಳಿಯೊಂದರ ಹಾಳೆ ನನ್ನ ಕೈಗೆ ಸಿಗುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಕಾರ್ಯಕರ್ತೆಯ ಚೀಲದಲ್ಲೇ ಅದು ನೆನೆದು ಶಾಯಿ ಹರಡಿತ್ತು. ತೂಕದ ಖಾನೆಯಲ್ಲಿ ಬರೆದದ್ದು ಒಂದೂವರೆಯೋ ಒಂದು ಮುಕ್ಕಾಲೋ ತಿಳಿಯಲಿಲ್ಲ. ಕೇಳೋಣವೆಂದು ಫೋನ್ ಮಾಡಿದೆ. "ಈಗ ಯಾಕ್ರಿ ಮೇಡಂ. ಕೂಸು ನಿನ್ನಿ ಮುಂಜಾನಿ ಹೋತು" ಎಂದಳು.

ಆ ಹಾಳೆಯನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಎರಡು ದಿನ ಮೇಜಿನ ಮೇಲೆಯೇ ಇತ್ತು. ಮೂರನೆಯ ದಿನ ನಮ್ಮ ಮುಖ್ಯಸ್ಥರಾದ ರಾಜಶೇಖರ್ ಸರ್ ಅದನ್ನು ನೋಡಿದರು. ಐವತ್ತು ದಾಟಿದ, ಹಣೆಗೆ ವಿಭೂತಿ ಹಚ್ಚಿಕೊಂಡೇ ಆಫೀಸಿಗೆ ಬರುವ ಮನುಷ್ಯ. ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡು, "ಇನ್ನ ಕಾಗದ ಸಾಕವ್ವ ಗಿರಿಜಾ. ಫೋನಿನಾಗ ತುಂಬಿ, ಅಲ್ಲಿಂದಾನೇ ಡಾಕ್ಟರಿಗೆ ಮೇಲ್ ಹೋಗೂ ಹಂಗ ಒಂದು ಸಾಫ್ಟ್‌ವೇರ್ ನೋಡು. ಶ್ರಾವಣ ಮುಗಿಯೂದ್ರಾಗ ಆರಿಸಬೇಕು. ನೀನೇ ಆರಿಸು" ಎಂದರು.

ಎರಡು ವಾರ ಹುಡುಕಿ ಮೂರನ್ನು ಉಳಿಸಿಕೊಂಡೆ. ಮೊದಲನೆಯದನ್ನು ತೋರಿಸಲು ಹೈದರಾಬಾದಿನಿಂದ ಕಂಪನಿಯವರೇ ಬಂದರು. ಗೋಡೆಯ ಮೇಲೆ ನಮ್ಮ ಹಳ್ಳಿಗಳ ನಕಾಶೆ ಮೂಡಿತು. ಒಂದೊಂದು ಕೂಸಿಗೆ ಒಂದೊಂದು ಚುಕ್ಕಿ: ಚೆನ್ನಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಸರ್ ಕುರ್ಚಿಯ ತುದಿಗೆ ಬಂದು ಕೂತು ನೋಡಿದರು. ನನಗೂ ಮನಸ್ಸು ಅಲ್ಲೇ ಬಿತ್ತು. ಸುಳ್ಳು ಯಾಕೆ ಹೇಳಲಿ, ಅಂದೇ ನನ್ನೊಳಗೆ ಆಯ್ಕೆ ಮುಗಿದಿತ್ತು. ಉಳಿದೆರಡನ್ನು ಪರೀಕ್ಷೆ ಮಾಡಿದೆ ಎನ್ನಿಸಿಕೊಳ್ಳಲಿಕ್ಕಷ್ಟೇ ಇಟ್ಟುಕೊಂಡೆ.

ಪರೀಕ್ಷೆಗೆ ಕಾಶಮ್ಮನ ಊರನ್ನು ಆರಿಸಿದೆ. ನಾರಾಯಣಖೇಡದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು, ಆಮೇಲೆ ಎರೆಮಣ್ಣಿನ ದಾರಿ. ನಮ್ಮ ಕಾರ್ಯಕರ್ತೆಯರಲ್ಲಿ ಎಲ್ಲರಿಗಿಂತ ಹಿರಿಯಳು ಕಾಶಮ್ಮ, ಐವತ್ತರ ಆಸುಪಾಸು. ತವರು ಗಡಿಯಾಚೆ, ಬೀದರ ಜಿಲ್ಲೆಯಲ್ಲಿ. ಅಲ್ಲಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದ್ದಳು. ತೆಲುಗು ಮಾತಾಡುವಳು, ಓದಲು ಬಾರದು. ಇಷ್ಟು ವರ್ಷ ತೆಲುಗಿನ ಹಾಳೆಯ ಖಾನೆಗಳನ್ನು ಜಾಗದ ಗುರುತಿನಿಂದಲೇ ತುಂಬುತ್ತಿದ್ದಳೆಂಬುದು ನನಗೆ ಗೊತ್ತಾದದ್ದು ಆ ದಿನ. ಮೇಲಿನಿಂದ ಮೂರನೆಯದು ತೂಕ, ನಾಲ್ಕನೆಯದು ಬಿಸಿ ಎಂದು ಬೆರಳು ಮಡಚಿ ಹೇಳಿದಳು.

ಚಪ್ಪಲಿಗೆ ಮೆತ್ತಿದ ಎರೆಮಣ್ಣಿನಿಂದ ಕಾಲು ಎರಡೆರಡು ಸೇರು ಭಾರವಾಗಿತ್ತು. ಆಕೆಯ ಪಡಸಾಲೆಯಲ್ಲಿ ಕೂತು ನಕಾಶೆಯ ಸಾಫ್ಟ್‌ವೇರ್ ತೆರೆದೆ. ತೆರೆ ಬೆಳ್ಳಗಾಗಿ ನಡುವೆ ಒಂದು ಚಕ್ರ ತಿರುಗತೊಡಗಿತು. ಆ ಊರಿನಲ್ಲಿ ಟವರ್ ಸಿಗುವುದು ಗುಡ್ಡದ ಮೇಲಿನ ನೀರಿನ ಟಾಕಿಯ ಹತ್ತಿರ ಮಾತ್ರ. ಸಿಗ್ನಲ್ ಇಲ್ಲದಿದ್ದರೆ ಅದು ತೆರೆಯುವುದೇ ಇಲ್ಲ. ಕಾಶಮ್ಮ ಕನ್ನಡಕ ಏರಿಸಿ ನೋಡಿದಳು. ಒಳಗೆ ಹೋಗಿ ಚಹಾ ಕಾಸಿ ತಂದಳು. ಚಹಾ ಮುಗಿಯಿತು.

"ಇನ್ನಾ ತಿರಗಾಕತ್ತದಲ್ರಿ. ಕೂಸಿಗೆ ಹಾಲು ಕುಡಿಸಿ, ತೇಗಿಸಿ, ಮಲಗಿಸಿ ಬಂದ್ರೂ ಇದು ತಿರಗತಾನೇ ಇರತದ ನೋಡ್ರಿ" ಎಂದಳು.

"ಗುಡ್ಡ ಏರಿದರ ತೆರೀತದ ಅಕ್ಕಾ."

"ಕೂಸಿಗೂ ತಕ್ಕಡಿಗೂ ಗುಡ್ಡ ಏರಸೂದೇನು?"

ನಗುತ್ತಲೇ ಹೇಳಿದಳು. ನನಗೆ ಮಾತ್ರ ಮುಖ ತಪ್ಪಿಸಿಕೊಳ್ಳುವಂತಾಯಿತು.

ಮುಂದಿನ ವಾರ ಎರಡನೆಯದನ್ನು ಒಯ್ದೆ. ಅದು ಸಿಗ್ನಲ್ ಇಲ್ಲದೆಯೂ ತೆರೆಯುತ್ತಿತ್ತು. ಆದರೆ ತೆಲುಗು, ಇಂಗ್ಲಿಷ್ ಎರಡೇ ಭಾಷೆ. ಮೇಲಾಗಿ, ಪ್ರತಿ ಖಾನೆ ತುಂಬಿದರೇನೇ ಮುಂದಿನದಕ್ಕೆ ಬಿಡುವುದು. ನಾನು ಓದಿ ಹೇಳಿದೆ, ಕಾಶಮ್ಮ ಒತ್ತುತ್ತ ಹೋದಳು. ತಂದೆಯ ಮೊಬೈಲ್ ನಂಬರ್ ಎಂಬಲ್ಲಿ ನಿಂತಿತು. ಆ ಕೂಸಿನ ತಂದೆ ಕೆಲಸಕ್ಕೆಂದು ಹೋದವನು ಎಲ್ಲಿದ್ದಾನೆಂದು ಹೆಂಡತಿಗೇ ತಿಳಿಯದು. ಕಾಶಮ್ಮ ನನ್ನ ಮುಖ ನೋಡಿದಳು, ಫೋನಿನ ಮುಖ ನೋಡಿದಳು. ಆಮೇಲೆ ಒಂಬತ್ತನ್ನು ಹತ್ತು ಸಲ ಒತ್ತಿದಳು. ಮುಂದಿನ ಖಾನೆ ತೆರೆಯಿತು.

"ಅಕ್ಕಾ, ಅದ್ಯಾಕ ಹಂಗ ಬರದ್ರಿ?"

"ನಾ ಏನ್ ಮಾಡ್ಲೆವ್ವ? ಗೊತ್ತಿಲ್ಲ ಅಂದ್ರ ಬಿಡವಲ್ದು. ಸುಳ್ಳು ಬರದ್ರ ಬಿಡತದ" ಎಂದಳು. ಅದರಲ್ಲಿ ದೂರಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದ್ದಳು. ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತು ನನ್ನ ಕಿವಿಯಲ್ಲೇ ಕೂತಿತ್ತು. ನಂಬರಿಗೆ ಸುಳ್ಳು ಬರೆಸಿದ ಫಾರಂ ನಾಳೆ ತೂಕಕ್ಕೂ ಬರೆಸೀತು. ತಕ್ಕಡಿ ಕೆಟ್ಟಿದ್ದ ದಿನ ಆಕೆ ಏನು ಮಾಡಬೇಕು?

ಮೂರನೆಯದು ನೋಡಲು ಬಡವಾಗಿತ್ತು. ಬೂದು ಬಣ್ಣ, ನಕಾಶೆಯಿಲ್ಲ, ಚುಕ್ಕಿಗಳಿಲ್ಲ. ಪ್ರಶ್ನೆಗಳನ್ನು ನಾವೇ ಒಂದು ಪಟ್ಟಿಯಲ್ಲಿ ಬರೆದು ಕೊಟ್ಟರೆ ಫಾರಂ ಮಾಡಿಕೊಡುತ್ತಿತ್ತು. ತುಂಬಿದ್ದನ್ನು ಫೋನಿನಲ್ಲೇ ಇಟ್ಟುಕೊಂಡು, ಸಿಗ್ನಲ್ ಸಿಕ್ಕ ಕೂಡಲೇ ಸಾಲುಸಾಲಾಗಿ ಬರೆದ ಇ-ಮೇಲ್ ಮಾಡಿ ಕಳಿಸುತ್ತಿತ್ತು. ಫೋನಿನಲ್ಲಿ ಪ್ರಶ್ನೆ ಕನ್ನಡದಲ್ಲಿ ಕಾಣುವಂತೆ, ಡಾಕ್ಟರಿಗೆ ಹೋಗುವಾಗ ಇಂಗ್ಲಿಷಿನಲ್ಲಿರುವಂತೆ ಮಾಡಬಹುದಿತ್ತು. ಒಂದು ಭಾನುವಾರ ಕೂತು ಮಾಡಿದೆ. ಪ್ರತಿ ಪ್ರಶ್ನೆಯ ಕೆಳಗೆ 'ಗೊತ್ತಿಲ್ಲ' ಎಂಬ ಗುಂಡಿಯನ್ನೂ ಇಟ್ಟೆ.

ಕಾಶಮ್ಮನ ಕೈಗೆ ಕೊಟ್ಟಾಗ ಆಕೆ ಬಹಳ ಹೊತ್ತು ಏನನ್ನೂ ಒತ್ತಲಿಲ್ಲ. ತುಟಿ ಅಲುಗುತ್ತಿತ್ತು. "ಕೂ… ಸಿ… ನ, ತೂ… ಕ." ಆಮೇಲೆ ತಲೆ ಎತ್ತಿ, "ನಮ್ಮ ಅಕ್ಷರ ಇದರಾಗೂ ಬರತಾವೇನ್ರಿ?" ಎಂದು ಕೇಳಿದಳು. ಮದುವೆಯಾಗಿ ಈಚೆ ಬಂದ ಮೇಲೆ ಆಕೆ ಕನ್ನಡ ಓದಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರವಂತೆ. ಅಂದು ಫಾರಮ್ಮಿನ ಹನ್ನೆರಡು ಪ್ರಶ್ನೆಗಳನ್ನೂ ಗಟ್ಟಿಯಾಗಿ ಓದಿದಳು. ಪಕ್ಕದ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಕೇಳಿದರು. ಕೊನೆಯ ಪ್ರಶ್ನೆ ಮುಗಿದ ಮೇಲೆ ತೆರೆಯನ್ನು ಕೆಳಗೂ ಮೇಲೂ ಸರಿಸಿ ಏನೋ ಹುಡುಕಿದಳು.

"ಏನು ಅಕ್ಕಾ?"

"ಉಳದ ಮಾತು ಎಲ್ಲಿ ಬರೀಬೇಕ್ರಿ?"

"ಯಾವ ಮಾತು?"

"ಇದರಾಗ ಕೇಳಲಾರದ್ದು. ಕಾಗದದ ಹಿಂದ ಬರೀತಿದ್ದೆ ನಾ."

ಹೌದು, ಆಕೆಯ ಹಾಳೆಗಳ ಬೆನ್ನಿಗೆ ಪೆನ್ಸಿಲಿನ ಕನ್ನಡ ಸಾಲುಗಳಿರುತ್ತಿದ್ದವು. ತಾಯಿ ಉಣ್ಣುತ್ತಿಲ್ಲ, ಮನೆ ಸೋರುತ್ತಿದೆ, ಕೂಸು ಎಡಗಡೆಯ ಎದೆ ಬಿಟ್ಟಿದೆ, ಇಂಥವು. ನಾನು ಅವನ್ನು ಓದಿ ಬದಿಗಿಡುತ್ತಿದ್ದೆ, ಎಲ್ಲಿಗೂ ಸೇರಿಸುತ್ತಿರಲಿಲ್ಲ. ಅಲ್ಲೇ ಕೂತು ಹದಿಮೂರನೆಯ ಖಾನೆ ಸೇರಿಸಿದೆ. ಆಕೆ ಅಂದದ್ದನ್ನೇ ಹೆಸರಾಗಿ ಇಟ್ಟೆ: ಉಳಿದ ಮಾತು.

ಡಾಕ್ಟರ್ ನಸೀಮ್ ಅವರಿಗೆ ಅದು ಇಷ್ಟವಾಗಲಿಲ್ಲ. ಅವರ ದವಾಖಾನೆಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬಾಗಿಲಾಚೆವರೆಗೆ ತಾಯಂದಿರ ಸಾಲು. ಹಿಂದಿನ ಕಾರ್ಖಾನೆಯ ಸದ್ದಿನಲ್ಲಿ ಕೂಗಿ ಮಾತಾಡುತ್ತ, ಒಂದು ಕೈಯಲ್ಲಿ ಕೂಸಿನ ಹೊಟ್ಟೆ ಒತ್ತಿ ನೋಡುತ್ತ, ಇನ್ನೊಂದು ಕೈಯ ಫೋನಿನಲ್ಲಿ ನಮ್ಮ ಮೇಲ್ ತೆರೆದರು.

"ನೋಡು ಬೇಟಾ, ತೂಕ, ಬಿಸಿ, ಹಾಲು. ಚಲೋ ಅದ, ಎರಡು ಮಿನಿಟಿನಾಗ ಓದತೀನಿ. ಆದರ ಈ ಕೆಳಗಿಂದು ತೆಗಿ. ನನಗ ಆಂಕಡಾ, ಅಂಕಿ ಬೇಕು, ಕಹಾನಿ ಬ್ಯಾಡ. ಮ್ಯಾಲ ನನಗ ಕನ್ನಡ ಓದಾಕ ಬರೂದಿಲ್ಲ."

"ಮೊದಲ ಇದನ್ನ ಹಾಳಿ ಹಿಂದ ಬರೀತಿದ್ದರ್ರಿ ಮೇಡಂ. ನಾನು ಓದಿ, ಬೇಕಾದದ್ದಷ್ಟೇ ಹೇಳತೀನ್ರಿ."

"ನೀನು ಓದು. ನನಗ ಹೇಳಬ್ಯಾಡ" ಎಂದು ನಕ್ಕು ಮುಂದಿನ ಕೂಸಿನ ಕಡೆ ತಿರುಗಿದರು.

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹನ್ನೊಂದು ಜನರ ಹನ್ನೊಂದು ಕಥೆ ಕೇಳುತ್ತ ಕೂತರೆ ಬಾಗಿಲಲ್ಲಿದ್ದ ಮಕ್ಕಳನ್ನು ಯಾರು ನೋಡಬೇಕು? ಖಾನೆ ತೆಗೆದುಬಿಡಬೇಕೆಂದು ಎರಡು ಸಲ ಕಂಪ್ಯೂಟರ್ ಮುಂದೆ ಕೂತೆ. ಎರಡೂ ಸಲ ಕಾಶಮ್ಮ ತೆರೆಯನ್ನು ಕೆಳಗೂ ಮೇಲೂ ಸರಿಸಿ ಹುಡುಕಿದ್ದು ನೆನಪಾಯಿತು. ಇರಲಿ ಬಿಡು, ಕಾಶಮ್ಮನ ಊರಿನ ಎರಡು ವಾರದ ಪರೀಕ್ಷೆ ಮುಗಿಯುವವರೆಗಾದರೂ ಇರಲಿ ಎಂದುಕೊಂಡೆ.

ಅಷ್ಟರಲ್ಲಿ ಜಹೀರಾಬಾದಿನಲ್ಲಿ ಸರ್ ನಕಾಶೆಯ ಕಂಪನಿಗೆ ಮಾತು ಕೊಡುವ ಹಂತಕ್ಕೆ ಬಂದಿದ್ದರು. ನಾನು ಚಕ್ರ ತಿರುಗಿದ್ದನ್ನು ಹೇಳಿದೆ. "ಟವರ್ ಇವತ್ತಿಲ್ಲ, ನಾಳಿ ಬರತದ. ನಾಕು ಮಂದಿ ಬಂದಾಗ ತೋರಸಾಕ ಒಂದು ಚಂದ ಬೇಕಲ್ಲವ್ವ" ಎಂದರು. ಸೋಮವಾರ ನಿರ್ಧಾರ ಎಂದೂ ಹೇಳಿದರು. ಡಾಕ್ಟರ್ ಒಂದು ಮಾತು ನನ್ನ ಪರವಾಗಿ ಆಡಿದರೆ ಸರ್ ಕೇಳಬಹುದು ಎಂಬ ಆಸೆಯಿಂದ ಅದಕ್ಕೂ ಮೊದಲ ಗುರುವಾರ ತಾಂಡೂರಿಗೆ ಹೋದೆ.

ಅಂದು ಮುಂಜಾನೆಯಿಂದ ಜಿಟಿಜಿಟಿ ಮಳೆ. ಹನ್ನೊಂದರ ಸುಮಾರಿಗೆ ಕಾಶಮ್ಮನ ಮೇಲ್ ಬಂತು, ಡಾಕ್ಟರ ಫೋನಿಗೂ ನನ್ನ ಫೋನಿಗೂ. ರೇಣುಕಾ ಎಂಬ ಹತ್ತೊಂಬತ್ತರ ಹುಡುಗಿಯ ಚೊಚ್ಚಲ ಕೂಸು, ಹನ್ನೆರಡು ದಿನದ ಹೆಣ್ಣುಮಗು. ಡಾಕ್ಟರ್ ನನ್ನೆದುರೇ ಓದಿದರು.

"ಒಂದು ಕಿಲೋ ಒಂಬೈನೂರಾ ನಲವತ್ತು. ಮೊನ್ನಿಗಿಂತ ಇಪ್ಪತ್ತು ಗ್ರಾಂ ಏರ್ಯದ. ಬಿಸಿ ಬರೋಬರ್. ಹಾಲು ಕುಡೀತದ. ಶಾಭಾಶ್, ನಿನ್ನ ಫಾರಂ ಛಂದ ಕೆಲಸ ಮಾಡತದ ನೋಡು."

ನಾನು ಕೇಳಬಯಸಿ ಬಂದ ಮಾತೇ ಅದು. ಆದರೆ ನನ್ನ ಕಣ್ಣು ಹದಿಮೂರನೆಯ ಸಾಲಿನ ಮೇಲೆ ನಿಂತಿತ್ತು. ಕಾಶಮ್ಮ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದಳು: 'ಅಳು ಸಣ್ಣಾಗ್ಯದ. ಮೊನ್ನಿ ಎದಿ ಹಿಡದು ಎಳೀತಿತ್ತು. ಇವತ್ತ ಬರೇ ಬಾಯಾಗ ಇಟ್ಕೊಂಡದ. ತೂಕ ಏರ್ಯದ ಖರೆ, ನನ್ನ ಮನಸಿಗೆ ಸಮಾಧಾನ ಇಲ್ಲ.'

ಮೂರು ಅಂಕಿಗಳೂ ಚೆನ್ನಾಗಿವೆ. ಸಾಲಿನಲ್ಲಿ ಇಪ್ಪತ್ತು ತಾಯಂದಿರಿದ್ದಾರೆ. ಕಥೆ ಬೇಡವೆಂದು ಡಾಕ್ಟರ್ ಹೇಳಿಯಾಗಿದೆ. ಈಗ ಇದನ್ನು ಓದಿದರೆ ನನ್ನ ಫಾರಮ್ಮಿಗೆ ಸಿಕ್ಕ ಶಾಭಾಶ್ ಉಳಿಯುತ್ತದೋ ಇಲ್ಲವೋ ಎಂಬ ಲೆಕ್ಕವೂ ನನ್ನ ತಲೆಯಲ್ಲಿ ಹಾದುಹೋಯಿತು. ಅದನ್ನು ಬರೆಯಲು ಇಂದಿಗೂ ನಾಚಿಕೆ. ಡಾಕ್ಟರ್ ಮುಂದಿನ ಕೂಸಿನ ಬಟ್ಟೆ ಬಿಚ್ಚುತ್ತಿದ್ದರು.

"ಮೇಡಂ, ಕೆಳಗ ಒಂದು ಮಾತು ಅದರಿ" ಎಂದೆ. ಅವರು ಬೇಡವೆನ್ನುವ ಮೊದಲೇ ಓದಿಬಿಟ್ಟೆ.

ಅವರ ಕೈ ನಿಂತಿತು. "ಇನ್ನೊಮ್ಮೆ ಓದು" ಎಂದರು. ಓದಿದೆ.

"ಬರೆದಾಕಿ ಯಾರು?"

"ಕಾಶಮ್ಮಂತ್ರಿ. ಹದಿನೈದು ವರ್ಷದಿಂದ ಕೂಸುಗಳ ಕೆಲಸ ಮಾಡತಾಳ."

"ಫೋನ್ ಹಚ್ಚು."

ಹತ್ತಲಿಲ್ಲ. ಮೇಲ್ ಕಳಿಸಲು ಗುಡ್ಡ ಏರಿದವಳು ಆಗಲೇ ಇಳಿದುಹೋಗಿದ್ದಳು. ಡಾಕ್ಟರ್ ಹೊರಗಿದ್ದವರಿಗೆ ತಾಳಿರೆಂದು ಕೈ ಮಾಡಿ ನನ್ನನ್ನು ಹತ್ತಿರ ಕರೆದರು. ಇಷ್ಟು ಸಣ್ಣ ಕೂಸಿಗೆ ಒಳಗೆ ನಂಜೇರಿದರೆ ಎಷ್ಟೋ ಸಲ ಜ್ವರ ಬರುವುದಿಲ್ಲ, ಮೊದಲು ಅಳು ಇಳಿಯುತ್ತದೆ, ಹಾಲೆಳೆಯುವುದು ನಿಲ್ಲುತ್ತದೆ, ತೂಕ ಇಳಿಯುವುದು ಆಮೇಲೆ ಎಂದು ಹೇಳಿದರು. ತಾಂಡೂರಿಗೆ ತರುವುದು ಬೇಡ, ದೂರವಾಗುತ್ತದೆ, ನೇರ ಬೀದರಿನ ದೊಡ್ಡ ಆಸ್ಪತ್ರೆಗೆ ಹೋಗಲಿ, ಈಗಲೇ ಹೋಗಲಿ ಎಂದರು.

ನಾನು ಸರ್‌ಗೆ ಫೋನ್ ಮಾಡಿದೆ. ಅವರು ಒಂದೂ ಪ್ರಶ್ನೆ ಕೇಳಲಿಲ್ಲ. "ಊರಿನ ದಾರಿ ಹೇಳು" ಎಂದರು. ಡ್ರೈವರ್ ಚಹಾಕ್ಕೆ ಹೋಗಿದ್ದ. ಅವರೇ ಜೀಪು ತೆಗೆದುಕೊಂಡು ಹೊರಟರು.

ಆಮೇಲೆ ಸಂಜೆಯವರೆಗೆ ನಾನು ಆ ಬೆಂಚಿನ ಮೇಲೆ ಹೊತ್ತು ಕಳೆದದ್ದು ಹೇಗೆಂದು ಹೇಳಲಾರೆ. ಊರಿನಲ್ಲಿ ನಡೆದದ್ದನ್ನು ಸರ್ ಆಮೇಲೆ ಹೇಳಿದರು. ಕಾಶಮ್ಮ ಗುಡ್ಡದಿಂದ ಇಳಿದು ನೇರ ರೇಣುಕಾಳ ಮನೆಗೇ ಹೋಗಿದ್ದಳು. ಕೂಸನ್ನು ತಾಯಿಯ ಎದೆಗೆ ಒತ್ತಿ ಸೆರಗಿನಲ್ಲಿ ಕಟ್ಟಿಸಿ, ಬಟ್ಟೆಯ ಗಂಟು ಕಟ್ಟಿಸಿದ್ದಳು. ಆದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. "ತೂಕ ಏರ್ಯದ ಅಂತ ನೀನೇ ಹೇಳ್ದಿ. ಈಗ ದವಾಖಾನಿ ಅಂತಿ. ಇಂಥಾ ಮಳ್ಯಾಗ ಬಾಣಂತಿಗೆ ಹೊರಗ ಹಾಕೂದಿಲ್ಲ ನಾ" ಎಂಬುದು ಆಕೆಯ ವಾದ. ಆಕೆಗಿದ್ದದ್ದೂ ಸೊಸೆ, ಮೊಮ್ಮಗಳ ಚಿಂತೆಯೇ. ಕಾಶಮ್ಮ ಜಗಳವಾಡಲಿಲ್ಲ. ಹೊಸ್ತಿಲ ಹೊರಗೆ ನೆನೆಯುತ್ತ ಕೂತು, "ಡಾಕ್ಟರಮ್ಮಗ ಬರದು ಹಾಕೀನಿ. ಅವರ ಮಾತು ಬರತನಾ ಇಲ್ಲೇ ಕುಂದರತೀನಿ" ಎಂದಿದ್ದಳಂತೆ.

ಸರ್ ಅಲ್ಲಿಗೆ ಮುಟ್ಟಿದಾಗ ಮೊಣಕಾಲವರೆಗೆ ಕೆಸರು. ಜೀಪು ಊರ ಹೊರಗೇ ಹೂತುಹೋಗಬಾರದೆಂದು ದಾರಿಯಲ್ಲೇ ಬಿಟ್ಟು ನಡೆದು ಬಂದಿದ್ದರು. ಅತ್ತೆಯ ಮುಂದೆ ನಿಂತು, "ತಾಯಿ, ಡಾಕ್ಟರು ಓದ್ಯಾರ. ಹೋಗ್ರಿ ಅಂದಾರ. ನಾ ಕರಕೊಂಡು ಹೋಗಿ, ನಾನೇ ಕರಕೊಂಡು ಬರತೀನಿ. ನೀವೂ ಬರ್ರಿ" ಎಂದರು. ಆಕೆ ಅವರ ಕಾಲಿನ ಕೆಸರು ನೋಡಿದಳು. ಒಳಗೆ ಹೋಗಿ ಒಂದು ಕಂಬಳಿ ತಂದು ಸೊಸೆಯ ತಲೆಯ ಮೇಲೆ ಹೊದಿಸಿ, ತಾನೂ ಚಪ್ಪಲಿ ಮೆಟ್ಟಿದಳು.

ಸಂಜೆ ಬೀದರಿನಿಂದ ಫೋನ್ ಬಂತು. ನಂಜೇ ಆಗಿತ್ತು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರ್ ಹೇಳಿದ್ದರು. ನಸೀಮ್ ಮೇಡಂ ಆಗಷ್ಟೇ ಕೊನೆಯ ಕೂಸನ್ನು ನೋಡಿ ಮುಗಿಸಿದ್ದರು. ನಾನು ಸುದ್ದಿ ಹೇಳಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಶೀರಾಬಾದಿನ ಕೂಸಿನ ಹಾಳಿ ಹಿಂದಕ್ಕೂ ಏನರ ಬರೆದಿತ್ತೇನು?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನಿಜಕ್ಕೂ ನಾನು ತಿರುಗಿಸಿ ನೋಡಿರಲಿಲ್ಲ. ಅವರು ತಲೆಯಾಡಿಸಿ, "ಇನ್ನ ಮುಂದ ಆ ಸಾಲು ಮ್ಯಾಲ ಹಾಕು. ಮೊದಲ ಅದನ್ನ ಓದಿ ಹೇಳು" ಎಂದರು.

ಸೋಮವಾರ ಆಫೀಸಿನಲ್ಲಿ ಸಭೆ ನಡೆಯಲಿಲ್ಲ. ಸರ್ ನನ್ನ ಮೇಜಿನ ಹತ್ತಿರ ಬಂದು, "ಆ ಬೂದಿ ಬಣ್ಣದ್ದೇ ಇರಲಿ" ಎಂದರು. ಹೋಗುತ್ತ, "ಬಣ್ಣ ಒಂದಿಷ್ಟು ಬದಲಾಯಿಸಾಕ ಬರತದೇನವ್ವ?" ಎಂದೂ ಕೇಳಿದರು. ಬರುತ್ತಿರಲಿಲ್ಲ. ಉಳಿದ ಹತ್ತು ಜನರ ಫೋನಿಗೆ ಅದನ್ನು ಹಾಕಿ ಕಲಿಸುತ್ತ ಆ ಮಳೆಗಾಲದ ಉಳಿದ ದಿನಗಳು ಹೋದವು. ಕಾಶಮ್ಮನೇ ಊರೂರು ತಿರುಗಿ ಕಲಿಸಿದಳು. ತೆಲುಗು ಬಲ್ಲವರಿಗೆ ತೆಲುಗಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಫಾರಂ ಮಾಡಿಕೊಟ್ಟೆ. ಎಲ್ಲವೂ ಸರಿಹೋಯಿತೆಂದಲ್ಲ. ಒಮ್ಮೆ ಒಂದು ಫೋನ್ ಹೊಂಡಕ್ಕೆ ಬಿತ್ತು. ಕೆಲವರು ಉಳಿದ ಮಾತಿನಲ್ಲಿ ಮನೆಯ ಜಗಳವನ್ನೂ ಬರೆದರು. ನಾನು ಎಲ್ಲವನ್ನೂ ಓದಿದೆ.

ರೇಣುಕಾಳ ಕೂಸು ಹದಿನೆಂಟು ದಿನದ ಮೇಲೆ ಮನೆಗೆ ಬಂತು. ಮರುದಿನ ನಾನು ಹೋದೆ. ಮಳೆ ನಿಂತು ಹೊಲಗಳಲ್ಲಿ ತೊಗರಿ ಮೊಣಕಾಲೆತ್ತರ ಬಂದಿತ್ತು. ಅತ್ತೆ ನನಗೆ ಮಣೆ ಹಾಕಿ, ಬೆಲ್ಲದ ಚಹಾ ಕೊಟ್ಟಳು. ಕಾಶಮ್ಮ ತೊಲೆಗೆ ತಕ್ಕಡಿ ತೂಗುಹಾಕಿ, ಕೂಸನ್ನು ಜೋಳಿಗೆಯಲ್ಲಿ ಮಲಗಿಸಿದಳು. ತಣ್ಣನೆಯ ಬಟ್ಟೆ ಮೈಗೆ ತಾಗಿದ್ದೇ ಕೂಸು ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿತು. ಕೈಕಾಲು ಬಡಿದ ರಭಸಕ್ಕೆ ತಕ್ಕಡಿಯ ಮುಳ್ಳು ಒಂದು ಕಡೆ ನಿಲ್ಲಲಿಲ್ಲ. ತಾಯಿ ಎತ್ತಿಕೊಳ್ಳಲು ಕೈ ಚಾಚಿದಳು. ನಾನು ಫೋನಿನಲ್ಲಿ ತೂಕದ ಖಾನೆ ತೆರೆದು ಕಾಯುತ್ತಿದ್ದೆ.

ಕಾಶಮ್ಮ ಇಬ್ಬರನ್ನೂ ತಡೆದಳು.

"ಇರ್ರಿ, ಒಂದೀಟು ಅಳಲಿ" ಎಂದಳು. "ತೂಕ ಆಮ್ಯಾಲ ನೋಡೂಣು."

ನಾಲ್ವರೂ ಕೂತು ಕೇಳಿದೆವು.